ಕಡಲಾಚೆಯ ಪ್ರಯೋಗಶಾಲೆಗೆ ಒಂದು ಅರ್ಜಿ

ಓದುಗರೆ, ವಿಜ್ಞಾನದಲ್ಲಿ ಸಂಶೋಧನೆ ಮಾಡಬೇಕೆಂದು ಹೊರದೇಶದ ವಿಶ್ವವಿದ್ಯಾನಿಲಯಕ್ಕೆ ಬರೆದುಕೊಳ್ಳುವ ಅರ್ಜಿಯನ್ನು ನೀವು ನೋಡಿರಬಹುದು. ನಿಮ್ಮ ಮನೆಯಲ್ಲಿ ಅಲ್ಲದಿದ್ದರೆ ನೆರೆಮನೆಯಲ್ಲಿ ಯಾರೋ ಒಬ್ಬ ಹುಡುಗನೊ ಹುಡುಗಿಯೊ ಅದನ್ನು ತುಂಬುತ್ತ ಕುಳಿತದ್ದನ್ನು ಕಂಡಿರಬಹುದು. ಅದರಲ್ಲಿ ಕೇಳುವ ಪ್ರಶ್ನೆಗಳು ಎಲ್ಲ ದೇಶಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ನೀವು ಯಾವ ವಿಶ್ವವಿದ್ಯಾನಿಲಯದ ಪದವೀಧರರು? ಯಾವ ವಿಷಯದಲ್ಲಿ ಕೆಲಸ ಮಾಡಬೇಕೆಂದಿದ್ದೀರಿ? ನಿಮ್ಮನ್ನು ಬಲ್ಲ ಅಧ್ಯಾಪಕರು ಯಾರು ಯಾರು? ಖರ್ಚುವೆಚ್ಚಕ್ಕೆ ಏನು ಏರ್ಪಾಡು?

ಮೇಲುನೋಟಕ್ಕೆ ಇವು ಕಚೇರಿಯ ಗುಮಾಸ್ತರು ಬರೆದಿಟ್ಟ ಒಣ ಪ್ರಶ್ನೆಗಳಂತೆ ಕಾಣುತ್ತವೆ. ಆದರೆ ಸುಮಾರು ನೂರಮೂವತ್ತು ವರ್ಷಗಳ ಹಿಂದೆ ಇಂಥ ಅರ್ಜಿಯನ್ನು ಕಳುಹಿಸುವುದಕ್ಕೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಒಂದು ವಿಳಾಸವೇ ಇರಲಿಲ್ಲ ಎಂದರೆ ನಂಬುವಿರಾ? ಹೊರಗಿನ ಪದವೀಧರನು ಬಂದು ಸಂಶೋಧನೆ ಮಾಡಿ ಪದವಿ ಪಡೆಯುವ ಪದ್ಧತಿಯೇ ಅಲ್ಲಿ ಇರಲಿಲ್ಲ. ಈ ನಾಲ್ಕು ಪ್ರಶ್ನೆಗಳಲ್ಲಿ ಒಂದೊಂದರ ಹಿಂದೆಯೂ ಬಾಗಿಲು ಮುಚ್ಚಿದ್ದ ಒಂದು ಕಾಲ ಇದೆ. ಬಾಗಿಲು ತೆರೆಯುವ ತನಕ ನಿಂತವರ ಚರಿತ್ರೆಯೂ ಇದೆ. ಅವರಲ್ಲಿ ಕೆಲವರು ನಮ್ಮ ಬೆಂಗಳೂರಿನ ಮೂಲಕವೇ ಹಾದುಹೋದವರು. ಆ ಚರಿತ್ರೆಯನ್ನು ತಿಳಿದರೆ ಇಂದು ಅರ್ಜಿ ಬರೆಯುವ ಕೈಗೆ ಸ್ವಲ್ಪ ಧೈರ್ಯ ಬಂದೀತು ಎಂಬುದು ನನ್ನ ಎಣಿಕೆ.

ಮೊದಲನೆಯ ಪ್ರಶ್ನೆಯನ್ನು ತೆಗೆದುಕೊಳ್ಳೋಣ: ನೀವು ಎಲ್ಲಿಯ ಪದವೀಧರರು?

ಹತ್ತೊಂಬತ್ತನೆಯ ಶತಮಾನದಲ್ಲಿ ಸಂಶೋಧನೆಯ ತವರು ಜರ್ಮನಿ. ರಸಾಯನಶಾಸ್ತ್ರವನ್ನೊ ಭೌತಶಾಸ್ತ್ರವನ್ನೊ ಆಳವಾಗಿ ಕಲಿಯಬೇಕೆಂದ ತರುಣರು ಬರ್ಲಿನ್, ಲೈಪ್‌ಜಿಗ್, ಗಟಿಂಗೆನ್ ನಗರಗಳಿಗೆ ಹೋಗಿ ಡಾಕ್ಟರ್ ಪದವಿ ಪಡೆದು ಬರುತ್ತಿದ್ದರು. ಅಮೆರಿಕನ್ನರು ಆ ಪದ್ಧತಿಯನ್ನು ತಮ್ಮಲ್ಲಿಗೆ ತಂದುಕೊಂಡರು. ಯೇಲ್ ವಿಶ್ವವಿದ್ಯಾನಿಲಯ ೧೮೬೧ರಲ್ಲಿ ಅಮೆರಿಕದ ಮೊದಲ ಪಿಎಚ್.ಡಿ. ಪದವಿಗಳನ್ನು ಕೊಟ್ಟಿತು. ೧೮೭೬ರಲ್ಲಿ ಬಾಗಿಲು ತೆರೆದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧನೆಯನ್ನೇ ತನ್ನ ಮುಖ್ಯ ಕೆಲಸವನ್ನಾಗಿ ಇಟ್ಟುಕೊಂಡಿತು. ಕೇಂಬ್ರಿಜ್ ಮಾತ್ರ ಬಹಳ ಕಾಲ ಅಲುಗಾಡಲಿಲ್ಲ. ಅಲ್ಲಿಯ ಪದವಿ ಬೇಕಾದರೆ ಅಲ್ಲಿಯೇ ಮೊದಲಿನಿಂದ ಓದಬೇಕು. ಬೇರೆ ಕಡೆ ಏನು ಕಲಿತು ಬಂದಿದ್ದರೂ ಲೆಕ್ಕಕ್ಕಿಲ್ಲ.

ಈ ಕಟ್ಟು ಸಡಿಲವಾದದ್ದು ೧೮೯೫ರಲ್ಲಿ. ಬೇರೆ ವಿಶ್ವವಿದ್ಯಾನಿಲಯಗಳ ಪದವೀಧರರು ಬಂದು ಎರಡು ವರ್ಷ ನೆಲಸಿ, ಸಂಶೋಧನೆ ನಡೆಸಿ, ಪ್ರಬಂಧ ಒಪ್ಪಿಸಿದರೆ ಪದವಿ ಕೊಡಬಹುದೆಂಬ ನಿಯಮ ಆ ವರ್ಷ ಜಾರಿಗೆ ಬಂತು. ಆ ಬಾಗಿಲಿನಿಂದ ಕ್ಯಾವೆಂಡಿಷ್ ಪ್ರಯೋಗಶಾಲೆಯ ಒಳಗೆ ಬಂದ ಮೊದಲಿಗರಲ್ಲಿ ನ್ಯೂಜಿಲೆಂಡಿನ ಬೇಸಾಯದ ಮನೆತನದ ಇಪ್ಪತ್ತನಾಲ್ಕು ವರ್ಷದ ಯುವಕನೊಬ್ಬನಿದ್ದ. ಅವನೇ ಅರ್ನೆಸ್ಟ್ ರುದರ್‌ಫರ್ಡ್.

ರುದರ್‌ಫರ್ಡನ ಅರ್ಜಿಯ ಕಥೆ ಸ್ವಾರಸ್ಯವಾದದ್ದು. ಲಂಡನ್ನಿನಲ್ಲಿ ೧೮೫೧ರಲ್ಲಿ ಒಂದು ಮಹಾ ವಸ್ತುಪ್ರದರ್ಶನ ನಡೆದಿತ್ತು. ಅದರಿಂದ ಬಂದ ಲಾಭದ ಹಣದಲ್ಲಿ ೧೮೯೧ರಿಂದ ವಿಜ್ಞಾನದ ವಿದ್ಯಾರ್ಥಿವೇತನಗಳನ್ನು ಕೊಡುತ್ತಿದ್ದರು. ವರ್ಷಕ್ಕೆ ೧೫೦ ಪೌಂಡು. ನ್ಯೂಜಿಲೆಂಡಿನ ಸರದಿ ಬಂದಾಗ ಒಂದು ಸ್ಥಾನಕ್ಕೆ ಇಬ್ಬರು ನಿಂತರು. ಆಯ್ಕೆಯಾದವನು ರುದರ್‌ಫರ್ಡನಲ್ಲ, ಮ್ಯಾಕ್‌ಲಾರಿನ್ ಎಂಬ ರಸಾಯನಶಾಸ್ತ್ರಜ್ಞ. ಆತ ಮನೆಯ ಕಾರಣಗಳಿಂದ ಹೋಗಲಾರೆನೆಂದ ಮೇಲೆ ಆ ವೇತನ ಎರಡನೆಯವನಿಗೆ ಬಂತು. ಸುದ್ದಿ ಬಂದಾಗ ಅವನು ತೋಟದಲ್ಲಿ ಆಲೂಗಡ್ಡೆ ಅಗೆಯುತ್ತಿದ್ದನೆಂದೂ ಗುದ್ದಲಿಯನ್ನು ಅಲ್ಲಿಯೇ ಬಿಸಾಡಿದನೆಂದೂ ಹೇಳುತ್ತಾರೆ. ರೇಡಿಯೋ ಕೇಳುವ ನಮಗೆ ಇನ್ನೊಂದು ಸಂಗತಿ ಪ್ರಿಯವಾದೀತು. ಅವನು ಗಂಟುಮೂಟೆಯೊಡನೆ ತಂದದ್ದು ತಾನೇ ಮಾಡಿದ ಒಂದು ಉಪಕರಣ, ರೇಡಿಯೋ ಅಲೆಗಳನ್ನು ಗುರುತಿಸುವಂಥದು. ಕೇಂಬ್ರಿಜ್‌ನಲ್ಲಿ ಅದರಿಂದ ಅರ್ಧ ಮೈಲಿಯಷ್ಟು ದೂರದ ಅಲೆಗಳನ್ನು ಹಿಡಿದು ತೋರಿಸಿದ. ಮುಂದೆ ಅಣುವಿನ ಒಡಲಲ್ಲಿ ಬೀಜವೊಂದಿದೆಯೆಂದು ಲೋಕಕ್ಕೆ ತಿಳಿಸಿದವನೂ ಅವನೇ. ೧೯೧೯ರಲ್ಲಿ ಅದೇ ಕ್ಯಾವೆಂಡಿಷ್ ಪ್ರಯೋಗಶಾಲೆಯ ಮುಖ್ಯಸ್ಥನಾದವನೂ ಅವನೇ. ಹಳೆಯ ನಿಯಮ ಇನ್ನು ಕೆಲವು ವರ್ಷ ಉಳಿದಿದ್ದರೆ, ಎರಡನೆಯ ಸ್ಥಾನದ ಈ ಹುಡುಗ ಎಲ್ಲಿರುತ್ತಿದ್ದನೊ!

ಇನ್ನು ಎರಡನೆಯ ಪ್ರಶ್ನೆ: ಏನು ಕೆಲಸ ಮಾಡಬೇಕೆಂದಿದ್ದೀರಿ? ಅದರ ಜೊತೆಗೇ ಮೂರನೆಯದು: ನಿಮ್ಮನ್ನು ಬಲ್ಲವರು ಯಾರು?

ಇವಕ್ಕೆ ಉತ್ತರವಾಗಿ ನಮ್ಮ ದೇಶದಿಂದ ಹೋದ ಅತ್ಯಂತ ಪ್ರಸಿದ್ಧವಾದ ಅರ್ಜಿ ಅಚ್ಚಾದ ಫಾರಮ್ಮಿನ ಮೇಲೆ ಬರೆದುದಲ್ಲ. ಅದೊಂದು ಕಾಗದ. ೧೯೧೩ನೆಯ ಇಸವಿ ಜನವರಿ ೧೬ರಂದು ಮದರಾಸಿನ ಬಂದರು ಕಚೇರಿಯ ಗುಮಾಸ್ತರೊಬ್ಬರು ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಯವರಿಗೆ ಅದನ್ನು ಟಪಾಲಿಗೆ ಹಾಕಿದರು. ಶ್ರೀನಿವಾಸ ರಾಮಾನುಜನ್ ಕಾಲೇಜಿನ ಪರೀಕ್ಷೆಯಲ್ಲಿ ನಪಾಸಾದವರು. ಪದವಿ ಇರಲಿಲ್ಲ. ಇಂದಿನ ಅರ್ಜಿಯಾಗಿದ್ದರೆ ಮೊದಲನೆಯ ಅಂಕಣದಲ್ಲಿಯೇ ತಿರಸ್ಕೃತವಾಗಬೇಕಾದದ್ದು. ತಮಗೆ ವಿಶ್ವವಿದ್ಯಾನಿಲಯದ ಶಿಕ್ಷಣವಿಲ್ಲವೆಂಬುದನ್ನು ಅವರು ಬಚ್ಚಿಡಲಿಲ್ಲ. ವರ್ಷಕ್ಕೆ ೨೦ ಪೌಂಡಿನ ಸಂಬಳದ ಗುಮಾಸ್ತನೆಂಬುದನ್ನೂ ಬರೆದುಕೊಂಡರು. ಆ ಮೇಲೆ ತಾವು ಕಂಡುಕೊಂಡ ಪ್ರಮೇಯಗಳನ್ನು ಪುಟದ ಮೇಲೆ ಪುಟವಾಗಿ ಮುಂದಿಟ್ಟರು. ಇದಕ್ಕೆ ಮೊದಲು ಬೇರೆ ವಿದ್ವಾಂಸರಿಗೆ ಬರೆದ ಕಾಗದಗಳಿಂದ ಫಲ ಸಿಕ್ಕಿರಲಿಲ್ಲ. ಹಾರ್ಡಿಯವರು ಮಾತ್ರ ಅದನ್ನು ಸಹೋದ್ಯೋಗಿ ಲಿಟಲ್‌ವುಡ್ ಅವರೊಡನೆ ಕುಳಿತು ಓದಿದರು. ಫೆಬ್ರುವರಿ ೮ರಂದು ಉತ್ತರ ಬರೆದರು.

ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಬೇಕಲ್ಲ! ಮದರಾಸು ವಿಶ್ವವಿದ್ಯಾನಿಲಯದ ಸಂಶೋಧನ ವೇತನ ಸಿಗಬೇಕಾದರೆ ಎಂ.ಎ. ಪದವಿ ಬೇಕೆಂಬ ನಿಯಮವಿತ್ತು. ಆಗ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಮೊದಲಾದವರು ಈತನ ಕೆಲಸವನ್ನು ನೋಡಿ ಶಿಫಾರಸು ಮಾಡಿದರು. ವಿಶ್ವವಿದ್ಯಾನಿಲಯ ನಿಯಮವನ್ನು ಬದಿಗಿಟ್ಟು ತಿಂಗಳಿಗೆ ೭೫ ರೂಪಾಯಿ ಕೊಡಲು ಒಪ್ಪಿತು. ಮುಂದಿನ ವರ್ಷ ಕೇಂಬ್ರಿಜ್‌ನಿಂದ ಉಪನ್ಯಾಸಕ್ಕೆಂದು ಬಂದಿದ್ದ ನೆವಿಲ್ ಎಂಬುವರು ರಾಮಾನುಜನ್ನರ ಪುಸ್ತಕಗಳನ್ನು ಸ್ವತಃ ನೋಡಿದರು, ಪ್ರಯಾಣಕ್ಕೆ ಒಪ್ಪಿಸಿದರು, ಅವರ ಪರವಾಗಿ ವಿಶ್ವವಿದ್ಯಾನಿಲಯಕ್ಕೆ ಬರೆದರು. ವರ್ಷಕ್ಕೆ ೨೫೦ ಪೌಂಡಿನ ವೇತನ ಮಂಜೂರಾಯಿತು. ೧೯೧೪ರ ಮಾರ್ಚಿ ೧೭ರಂದು ರಾಮಾನುಜನ್ ಹಡಗು ಹತ್ತಿದರು. ೧೮೯೫ರ ನಿಯಮದ ಬಾಗಿಲಿನಿಂದಲೇ ಒಳಗೆ ಹೋಗಿ, ಪ್ರಬಂಧದ ಬಲದ ಮೇಲೆ ೧೯೧೬ರಲ್ಲಿ ಕೇಂಬ್ರಿಜ್ ಪದವೀಧರರಾದರು. ೧೯೧೮ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಪ್ರತಿಭೆಯ ಪವಾಡವೆಂದು ಹೇಳಿಕೊಳ್ಳುತ್ತೇವೆ. ಅರ್ಜಿಯ ಚರಿತ್ರೆಯ ಮಟ್ಟಿಗೆ ನೋಡಿದರೆ ಇಲ್ಲಿ ಮೂರು ಕೆಲಸಗಳು ನಡೆದಿವೆ. ಅರ್ಜಿದಾರ ಹೊಗಳಿಕೆಯ ಮಾತನ್ನು ಬಿಟ್ಟು ಮಾಡಿದ ಕೆಲಸವನ್ನೇ ಮುಂದಿಟ್ಟರು. ಓದುವವರು ನಿಜವಾಗಿ ಓದಿದರು. ಬಲ್ಲವರು ತಾವು ಕಣ್ಣಾರೆ ಕಂಡದ್ದನ್ನು ಬರೆದರು. ಇಂದು ‘ಉದ್ದೇಶದ ಹೇಳಿಕೆ’ ಎಂತಲೂ ‘ಶಿಫಾರಸು ಪತ್ರ’ ಎಂತಲೂ ಕರೆಯುವ ಅಂಕಣಗಳ ತಿರುಳು ಇಷ್ಟೇ.

ಓದುವವರು ಓದುವುದಕ್ಕೆ ಮೊದಲೇ ಬಾಗಿಲು ಹಾಕಿದರೆ? ಇದಕ್ಕೆ ಉದಾಹರಣೆ ಹುಡುಕಲು ಕಡಲು ದಾಟಬೇಕಾಗಿಲ್ಲ. ಅದು ನಮ್ಮ ಬೆಂಗಳೂರಿನಲ್ಲಿಯೇ ನಡೆದದ್ದು.

ಜಮ್‌ಸೇಟ್‌ಜಿ ಟಾಟಾ ಅವರ ಸಂಕಲ್ಪದಿಂದಲೂ ಮೈಸೂರು ಸಂಸ್ಥಾನ ಕೊಟ್ಟ ಭೂಮಿಯಿಂದಲೂ ೧೯೦೯ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಮಂದಿರವನ್ನು ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವುದುಂಟು. ೧೯೩೩ರಲ್ಲಿ ಮುಂಬಯಿಯ ಕಮಲಾ ಭಾಗವತ್ ಎಂಬ ತರುಣಿ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಅಲ್ಲಿಗೆ ಅರ್ಜಿ ಹಾಕಿದರು. ಆಕೆಯ ತಂದೆಯೂ ಚಿಕ್ಕಪ್ಪನೂ ಅದೇ ಮಂದಿರದಲ್ಲಿ ಓದಿದ ರಸಾಯನಶಾಸ್ತ್ರಜ್ಞರು. ಮರಾಠಿಯ ಪ್ರಸಿದ್ಧ ಲೇಖಕಿ ದುರ್ಗಾ ಭಾಗವತ್ ಆಕೆಯ ಅಕ್ಕ. ಅಂಕಗಳಿಗೆ ಕೊರತೆ ಇರಲಿಲ್ಲ. ಆದರೂ ಅರ್ಜಿ ತಿರಸ್ಕೃತವಾಯಿತು. ಕಾರಣ, ಅರ್ಜಿದಾರಳು ಹೆಂಗಸು. ಹಾಗೆ ಹೇಳಿದವರು ಆಗತಾನೆ ನಿರ್ದೇಶಕರಾಗಿದ್ದ, ಮೂರು ವರ್ಷ ಮೊದಲು ನೊಬೆಲ್ ಪಾರಿತೋಷಕ ಪಡೆದಿದ್ದ ಸರ್ ಸಿ. ವಿ. ರಾಮನ್.

ಕಮಲಾ ಭಾಗವತ್ ಮುಂಬಯಿಯಿಂದ ಬೆಂಗಳೂರಿಗೆ ಬಂದರು. ತಮ್ಮನ್ನು ಏಕೆ ಸೇರಿಸಿಕೊಳ್ಳುವುದಿಲ್ಲವೆಂಬುದಕ್ಕೆ ಕಾರಣ ಕೇಳಿದರು. ಗಾಂಧೀಜಿಯ ಕಾಲದ ಹುಡುಗಿ, ಸತ್ಯಾಗ್ರಹದ ಮಾತನ್ನೂ ಆಡಿದರು. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ದೊರೆಯಿತು. ಮೊದಲನೆಯ ವರ್ಷ ಬರೀ ಪರೀಕ್ಷಾರ್ಥ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೆಲ್ಲ ಕೆಲಸ ಮಾಡಬೇಕು. ಗಂಡಸರ ಗಮನಕ್ಕೆ ಭಂಗ ತರಬಾರದು. ಓದುಗರೆ, ಈ ಮೂರನೆಯ ಷರತ್ತನ್ನು ಯಾವ ಗಂಡು ವಿದ್ಯಾರ್ಥಿಗೂ ವಿಧಿಸಿರಲಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಅವಮಾನ ಆಕೆಯ ಮನಸ್ಸಿನಲ್ಲಿ ಕೊನೆಯವರೆಗೂ ಉಳಿದಿತ್ತು. ರಾಮನ್ನರ ವಿಜ್ಞಾನದ ಹಿರಿಮೆಯನ್ನು ಒಪ್ಪುವುದಕ್ಕೂ ಈ ಸಂಗತಿಯನ್ನು ತಪ್ಪೆಂದು ಹೇಳುವುದಕ್ಕೂ ಅಡ್ಡಿ ಏನೂ ಇಲ್ಲ.

ಆಕೆ ಶ್ರೀನಿವಾಸಯ್ಯ ಎಂಬ ಅಧ್ಯಾಪಕರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನುಗಳನ್ನು ಕುರಿತು ಕೆಲಸ ಮಾಡಿದರು. ಬಡವರ ಊಟದಲ್ಲಿ ಎಷ್ಟು ಸತ್ತ್ವವಿದೆ ಎಂಬ ಪ್ರಶ್ನೆ ಅದು. ಒಂದು ವರ್ಷದ ಮೇಲೆ ರಾಮನ್ನರಿಗೂ ಸಮಾಧಾನವಾಯಿತು. ಮಂದಿರದ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. ೧೯೩೬ರಲ್ಲಿ ಎಂ.ಎಸ್ಸಿ. ಪಡೆದು ಕಮಲಾ ಕೇಂಬ್ರಿಜ್‌ಗೆ ಹೋದರು. ನ್ಯೂನ್‌ಹಾಮ್ ಕಾಲೇಜು ಸೇರಿ, ಮೊದಲು ಡೆರೆಕ್ ರಿಕ್ಟರ್ ಅವರೊಡನೆಯೂ ಅನಂತರ ರಾಬಿನ್ ಹಿಲ್ ಅವರೊಡನೆಯೂ ಕೆಲಸ ಮಾಡಿದರು. ಅಲ್ಲಿಯೂ ಒಂದು ಆಲೂಗಡ್ಡೆ ಬರುತ್ತದೆ ನೋಡಿ: ಆಲೂಗಡ್ಡೆಯ ಮೇಲೆ ನಡೆಸಿದ ಪ್ರಯೋಗಗಳಿಂದ, ಸಸ್ಯಗಳ ಜೀವಕೋಶಗಳಲ್ಲಿಯೂ ಸೈಟೋಕ್ರೋಮ್ ಸಿ ಎಂಬ ಉಸಿರಾಟದ ದ್ರವ್ಯ ಇದೆಯೆಂದು ಆಕೆ ತೋರಿಸಿದರು. ೧೯೩೯ರಲ್ಲಿ ಪಿಎಚ್.ಡಿ. ದೊರೆಯಿತು.

ಕೇಂಬ್ರಿಜ್ ಆಗ ಪೂರ್ತಿ ಉದಾರವಾಗಿತ್ತೆಂದು ತಿಳಿಯಬೇಡಿ. ಹೆಂಗಸರಿಗೆ ಪದವಿಯ ಹೆಸರನ್ನು ಮಾತ್ರ ಕೊಡುತ್ತಿದ್ದರು. ವಿಶ್ವವಿದ್ಯಾನಿಲಯದ ಪೂರ್ಣ ಸದಸ್ಯತ್ವವನ್ನು ಕೊಡುತ್ತಿರಲಿಲ್ಲ. ಅದು ಬಂದದ್ದು ೧೯೪೮ರಲ್ಲಿ. ಬೆಂಗಳೂರಿನಲ್ಲಿ ಒಂದು ಬಾಗಿಲು ದಾಟಿ ಹೋದಾಕೆ ಅಲ್ಲಿ ಇನ್ನೊಂದು ಹೊಸ್ತಿಲ ಬಳಿ ನಿಂತಿದ್ದಳು ಎಂದಾಯಿತು.

ಇನ್ನು ನಾಲ್ಕನೆಯ ಪ್ರಶ್ನೆ. ಮನೆಯ ಹಿರಿಯರಿಗೆ ಇದೇ ಮೊದಲನೆಯದು: ಹಣ ಎಲ್ಲಿಂದ?

ಹಿಂದಿನ ಕಾಲದಲ್ಲಿ ಶ್ರೀಮಂತರ ಮಕ್ಕಳು ವಿಲಾಯತಿಗೆ ಹೋಗುತ್ತಿದ್ದರು. ಉಳಿದವರಿಗೆ ಸ್ಪರ್ಧೆಯ ಪರೀಕ್ಷೆಯೇ ಗತಿ. ಆಚಾರ್ಯ ಪ್ರಫುಲ್ಲಚಂದ್ರ ರಾಯ್ ೧೮೮೨ರಲ್ಲಿ ಎಡಿನ್‌ಬರೊ ನಗರಕ್ಕೆ ಹೋದದ್ದು ಗಿಲ್‌ಕ್ರಿಸ್ಟ್ ವೇತನದ ಪರೀಕ್ಷೆಯಲ್ಲಿ ಗೆದ್ದು. ಅಲ್ಲಿ ೧೮೮೭ರಲ್ಲಿ ಡಿ.ಎಸ್ಸಿ. ಪಡೆದು ಬಂದು ನಮ್ಮಲ್ಲಿ ರಸಾಯನಶಾಸ್ತ್ರದ ಸಂಶೋಧನೆಗೆ ಬುನಾದಿ ಹಾಕಿದರು. ೧೮೯೨ರಲ್ಲಿ ಟಾಟಾ ಅವರು ಹೊರದೇಶಕ್ಕೆ ಹೋಗುವ ಭಾರತೀಯರಿಗಾಗಿ ಒಂದು ನಿಧಿಯನ್ನು ಸ್ಥಾಪಿಸಿದರು. ಇದು ದಾನವಾಗಿರದೆ ಸಾಲವಾಗಿತ್ತು. ಹೋಗಿ ಬಂದವನು ಹಿಂದಿರುಗಿಸಿದ ಹಣದಲ್ಲಿ ಮುಂದಿನವನು ಹಡಗು ಹತ್ತಬೇಕು. ನಿಧಿ ಇಂದಿಗೂ ನಡೆಯುತ್ತಿದೆ.

ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಲೀವೈ ಬಾರ್ಬರ್ ಎಂಬ ವಕೀಲರು ೧೯೧೦ರ ದಶಕದಲ್ಲಿ ಏಷ್ಯದ ಹೆಣ್ಣುಮಕ್ಕಳಿಗೆಂದೇ ಒಂದು ವೇತನ ಏರ್ಪಡಿಸಿದರು. ಏಷ್ಯದ ಹೆಂಗಸೊಬ್ಬಳು ವಿಜ್ಞಾನ ಓದಲು ಸಮುದ್ರ ದಾಟುವುದೇ ಅಪರೂಪವಾಗಿದ್ದ ದಿನಗಳು ಅವು. ತಲಚೇರಿಯ ಸಸ್ಯಶಾಸ್ತ್ರಜ್ಞೆ ಜಾನಕಿ ಅಮ್ಮಾಳ್ ಅದರ ನೆರವಿನಿಂದ ಓದಿ ೧೯೩೧ರಲ್ಲಿ ಅಲ್ಲಿಯ ಡಿ.ಎಸ್ಸಿ. ಆದರು. ಬಂದ ಮೇಲೆ ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ಕೆಲಸ ಮಾಡಿದರು.

ಅದೇ ವೇತನ ಮುಂದೆ ನಮ್ಮ ಕನ್ನಡನಾಡಿನ ಹೆಣ್ಣುಮಗಳೊಬ್ಬಳಿಗೂ ಒದಗಿತು. ಆಕೆ ರಾಜೇಶ್ವರಿ, ಮದುವೆಯ ಅನಂತರ ರಾಜೇಶ್ವರಿ ಚಟರ್ಜಿ ಎಂದು ಹೆಸರಾದವರು. ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪನವರು ಆಕೆಯ ಅಜ್ಜಿ. ಅಜ್ಜಿ ಸ್ಥಾಪಿಸಿದ ಶಾಲೆಯಲ್ಲಿಯೇ ಮೊಮ್ಮಗಳ ಅಕ್ಷರಾಭ್ಯಾಸ. ಬೆಂಗಳೂರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಎರಡರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಮೊದಲನೆಯವರಾದರು. ೧೯೪೩ರಲ್ಲಿ ವಿಜ್ಞಾನ ಮಂದಿರದ ವಿದ್ಯುತ್ ವಿಭಾಗದಲ್ಲಿ ಸಂಶೋಧನ ವಿದ್ಯಾರ್ಥಿನಿಯಾಗಿ ಸೇರಿದರು. ಹತ್ತು ವರ್ಷ ಮೊದಲು ಕಮಲಾ ಭಾಗವತ್ ತಳ್ಳಿ ತೆರೆದ ಬಾಗಿಲು ಅದು.

ಯುದ್ಧ ಮುಗಿದ ಮೇಲೆ ಭಾರತ ಸರ್ಕಾರ ತರುಣ ವಿಜ್ಞಾನಿಗಳನ್ನು ಹೊರದೇಶಕ್ಕೆ ಕಳುಹಿಸಲು ವೇತನಗಳನ್ನು ಪ್ರಕಟಿಸಿತು. ರಾಜೇಶ್ವರಿ ಎಲೆಕ್ಟ್ರಾನಿಕ್ಸ್ ವಿಷಯಕ್ಕೆ ಅರ್ಜಿ ಹಾಕಿ ೧೯೪೬ರಲ್ಲಿ ಆಯ್ಕೆಯಾದರು. ೧೯೪೭ರ ಜುಲೈ ತಿಂಗಳಲ್ಲಿ, ಸ್ವಾತಂತ್ರ್ಯ ಬರುವುದಕ್ಕೆ ಇನ್ನು ಕೆಲವೇ ವಾರಗಳಿರುವಾಗ, ಹಡಗು ಹತ್ತಿ ಮಿಚಿಗನ್ನಿಗೆ ಹೊರಟರು. ಅಲ್ಲಿ ವಿದ್ಯುತ್ ಎಂಜಿನಿಯರಿಂಗಿನಲ್ಲಿ ಮಾಸ್ಟರ್ ಪದವಿ ಪಡೆದು, ಸರ್ಕಾರದ ಒಪ್ಪಂದದಂತೆ ವಾಷಿಂಗ್‌ಟನ್ನಿನ ಮಾನಕ ಸಂಸ್ಥೆಯಲ್ಲಿ ರೇಡಿಯೋ ಅಲೆಗಳನ್ನು ಅಳೆಯುವ ವಿಭಾಗದಲ್ಲಿ ಎಂಟು ತಿಂಗಳು ತರಬೇತಿ ಪಡೆದರು. ಮುಂದೆ ಓದುವುದಕ್ಕೆ ಬಾರ್ಬರ್ ವೇತನ ಆಧಾರವಾಯಿತು. ೧೯೫೩ರಲ್ಲಿ ಡಾಕ್ಟರ್ ಪದವಿಯೊಡನೆ ಹಿಂದಿರುಗಿ, ಹೊರಟಿದ್ದ ಬೆಂಗಳೂರಿನ ಮಂದಿರದಲ್ಲಿಯೇ ಅಧ್ಯಾಪಕಿಯಾದರು. ಮೈಕ್ರೋವೇವ್ ಎಂಬ ಅತಿ ಸಣ್ಣ ರೇಡಿಯೋ ಅಲೆಗಳ ಶಾಸ್ತ್ರವನ್ನು ತಲೆಮಾರುಗಳ ವಿದ್ಯಾರ್ಥಿಗಳಿಗೆ ಕಲಿಸಿದರು. ಇಪ್ಪತ್ತು ಮಂದಿ ಅವರ ಕೈಕೆಳಗೆ ಡಾಕ್ಟರ್ ಪದವಿ ಪಡೆದರು. ರುದರ್‌ಫರ್ಡ್ ಗಂಟುಕಟ್ಟಿ ತಂದ ಅಲೆಗಳ ವಿಷಯವೇ ಇಲ್ಲಿ ಮುಂದುವರಿದದ್ದು.

ಅಷ್ಟು ಹೊತ್ತಿಗೆ ಅರ್ಜಿಯ ಸ್ವರೂಪವೂ ಬದಲಾಗಿತ್ತು. ಆಕ್ಸ್‌ಫರ್ಡ್ ೧೯೧೭ರಲ್ಲಿಯೂ ಕೇಂಬ್ರಿಜ್ ೧೯೧೯ರಲ್ಲಿಯೂ ಸಂಶೋಧನೆಗೆ ಡಾಕ್ಟರ್ ಪದವಿ ಕೊಡಲು ನಿರ್ಧರಿಸಿದವು. ಅದಕ್ಕೆ ಮುಂಚೆ ಜರ್ಮನಿಗೆ ಹೋಗುತ್ತಿದ್ದ ಅಮೆರಿಕದ ಮತ್ತು ಸಾಮ್ರಾಜ್ಯದ ವಿದ್ಯಾರ್ಥಿಗಳನ್ನು ತಮ್ಮ ಕಡೆಗೆ ಸೆಳೆಯಬೇಕೆಂಬ ಲೆಕ್ಕಾಚಾರವೂ ಅದರಲ್ಲಿತ್ತು. ಅಮೆರಿಕದಲ್ಲಿ ಪದವೀಧರರನ್ನು ಒಂದೇ ಅಳತೆಗೋಲಿನಿಂದ ಅಳೆಯಲು ೧೯೩೬ರಲ್ಲಿ ಒಂದು ಪರೀಕ್ಷೆ ಆರಂಭವಾಯಿತು. ಅದೇ ಇಂದಿನ ಜಿ.ಆರ್.ಇ. ಹೊರದೇಶದವರ ಇಂಗ್ಲಿಷನ್ನು ನೋಡುವ ಟೋಫೆಲ್ ಪರೀಕ್ಷೆ ೧೯೬೪ರಲ್ಲಿ ಬಂತು. ೧೯೫೦ರ ಫೆಬ್ರುವರಿಯಲ್ಲಿ ಭಾರತ ಅಮೆರಿಕಗಳ ನಡುವೆ ಫುಲ್‌ಬ್ರೈಟ್ ಒಪ್ಪಂದವಾಗಿ ವಿದ್ವಾಂಸರ ಹೋಗುಬರವಿಗೆ ಹೊಸ ದಾರಿಯಾಯಿತು. ಒಬ್ಬ ಹಾರ್ಡಿಯ ಔದಾರ್ಯದ ಮೇಲೆ ನಿಂತಿದ್ದ ಸಂಗತಿ ಹೀಗೆ ನಿಯಮ, ಪರೀಕ್ಷೆ, ಕಟ್ಟಲೆಗಳ ಕೈಗೆ ಬಂತು. ಇದರಲ್ಲಿ ಒಳ್ಳೆಯದೂ ಇದೆ, ತೊಂದರೆಯೂ ಇದೆ. ಯಾರ ಪರಿಚಯವೂ ಇಲ್ಲದವನು ಈಗ ಅರ್ಜಿ ಹಾಕಬಹುದು. ಆದರೆ ರಾಮಾನುಜನ್‌ನಂಥವರು ಪರೀಕ್ಷೆಯ ಜರಡಿಯಲ್ಲಿ ಕೆಳಗೆ ಬಿದ್ದುಹೋಗಲೂಬಹುದು. ಈ ಕಾರಣಕ್ಕೋ ಏನೋ, ಈಚಿನ ವರ್ಷಗಳಲ್ಲಿ ಅಮೆರಿಕದ ಅನೇಕ ವಿಜ್ಞಾನ ವಿಭಾಗಗಳು ಜಿ.ಆರ್.ಇ.ಯನ್ನು ಕಡ್ಡಾಯವೆನ್ನುವುದನ್ನು ಬಿಟ್ಟಿವೆ.

ವಯಸ್ಸಾಯಿತೆಂದು ಹಿಂಜರಿಯುವವರಿಗೆ ಇನ್ನೊಬ್ಬರ ನೆನಪು ಮಾಡಿಕೊಡುತ್ತೇನೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ, ಓದಬೇಕೆಂಬ ಆಸೆಯಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದ ಹುಡುಗ ಎಚ್. ನರಸಿಂಹಯ್ಯ. ೧೯೪೨ರ ಚಳವಳಿಯಲ್ಲಿ ಸೆರೆಮನೆ ಕಂಡರು. ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿ ವರ್ಷಗಳು ಕಳೆದ ಮೇಲೆ, ೧೯೫೭ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯಕ್ಕೆ ವಿದ್ಯಾರ್ಥಿಯಾಗಿ ಹೋದರು. ೧೯೬೦ರಲ್ಲಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಡಾಕ್ಟರಾಗಿ ಬಂದು ಮತ್ತೆ ಬಸವನಗುಡಿಯ ಅದೇ ಕಾಲೇಜಿನಲ್ಲಿ ನಿಂತರು. ೧೯೭೦ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು.

ಈ ಚರಿತ್ರೆಯಿಂದ ಇಂದಿನ ಅರ್ಜಿದಾರರಿಗೆ ಏನು ಉಪಯೋಗ ಎಂದು ನೀವು ಕೇಳಬಹುದು. ನಾಲ್ಕು ಪ್ರಶ್ನೆಗಳನ್ನು ಮತ್ತೊಮ್ಮೆ ನೋಡೋಣ.

ಪದವಿ ಎಲ್ಲಿಯದು ಎಂಬುದಕ್ಕೆ ನಾಚಿಕೆ ಬೇಡ. ಹೊರಗಿನವರನ್ನು ಸೇರಿಸಿಕೊಳ್ಳುವುದಕ್ಕಾಗಿಯೇ ಆ ಅಂಕಣ ಇರುವುದು. ದೇಶದೇಶಕ್ಕೆ ಪದ್ಧತಿ ಬೇರೆ ಎಂಬುದನ್ನು ಮಾತ್ರ ತಿಳಿದುಕೊಳ್ಳಬೇಕು. ಅಮೆರಿಕದಲ್ಲಿ ಎಂ.ಎಸ್ಸಿ. ಇಲ್ಲದೆಯೂ ನೇರವಾಗಿ ಪಿಎಚ್.ಡಿ.ಗೆ ಸೇರಲು ಅವಕಾಶವುಂಟು. ಮೊದಲ ಒಂದೆರಡು ವರ್ಷ ಪಾಠಗಳಿರುತ್ತವೆ. ಬ್ರಿಟನ್ನಿನಲ್ಲಿ ಬಹುಮಟ್ಟಿಗೆ ಒಂದು ಗೊತ್ತಾದ ಸಂಶೋಧನ ವಿಷಯಕ್ಕೆ, ಗೊತ್ತಾದ ಮಾರ್ಗದರ್ಶಕರಿಗೆ ಅರ್ಜಿ ಹಾಕುತ್ತಾರೆ. ಜರ್ಮನಿಯಲ್ಲಿ ಎಷ್ಟೋ ವೇಳೆ ಡಾಕ್ಟರ್ ಪದವಿಯ ವಿದ್ಯಾರ್ಥಿ ಸಂಬಳದ ಕೆಲಸಗಾರನೂ ಹೌದು. ಅಲ್ಲಿಗೆ ಓದಲು ಹೋಗುವ ಭಾರತೀಯರು ಸಾಮಾನ್ಯವಾಗಿ ತಮ್ಮ ಪ್ರಮಾಣಪತ್ರಗಳನ್ನು ಎ.ಪಿ.ಎಸ್. ಎಂಬ ಕಚೇರಿಯಿಂದ ಪರಿಶೀಲಿಸಿಕೊಳ್ಳಬೇಕೆಂಬ ನಿಯಮ ೨೦೨೨ರ ನವೆಂಬರಿನಿಂದ ಬಂದಿದೆ.

ಉದ್ದೇಶದ ಹೇಳಿಕೆಯಲ್ಲಿ ರಾಮಾನುಜನ್ ಮಾಡಿದಂತೆ ಕೆಲಸವನ್ನು ಮುಂದಿಡಬೇಕು. ‘ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಆಸಕ್ತಿ’ ಎಂಬ ವಾಕ್ಯ ಓದುವವರಿಗೆ ಏನನ್ನೂ ತಿಳಿಸುವುದಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಯಾವ ಪ್ರಯೋಗ ಕೈಕೊಟ್ಟಿತು, ಏಕೆ ಕೈಕೊಟ್ಟಿತು, ಅದನ್ನು ಹೇಗೆ ಸರಿಪಡಿಸಿದೆ ಎಂದು ಬರೆದರೆ ಅಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ. ಶಿಫಾರಸು ಕೇಳುವಾಗ ದೊಡ್ಡ ಹುದ್ದೆಯವರನ್ನು ಹುಡುಕಿಕೊಂಡು ಹೋಗುವುದಕ್ಕಿ೦ತ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರನ್ನು ಕೇಳುವುದು ಮೇಲು. ಅವರಿಗೆ ತಿಂಗಳು ಮುಂಚೆಯೇ ಹೇಳುವುದು ಮರ್ಯಾದೆ.

ಹಣದ ವಿಷಯದಲ್ಲಿ ಮನೆಯವರು ಒಂದು ಮಾತನ್ನು ತಪ್ಪದೆ ತಿಳಿದಿರಬೇಕು. ಅಮೆರಿಕದ ವಿಜ್ಞಾನ ವಿಭಾಗಗಳಲ್ಲಿ ಪಿಎಚ್.ಡಿ.ಗೆ ಸೇರುವವರಿಗೆ ಸಾಮಾನ್ಯವಾಗಿ ಬೋಧನೆಯ ಇಲ್ಲವೆ ಸಂಶೋಧನೆಯ ಸಹಾಯಕ ಕೆಲಸ ಕೊಟ್ಟು, ಶುಲ್ಕ ಬಿಟ್ಟು, ಜೀವನಕ್ಕೆ ವೇತನ ಕೊಡುತ್ತಾರೆ. ಮಾಸ್ಟರ್ ಪದವಿಗೆ ಹಾಗಲ್ಲ. ಅದಕ್ಕೆ ಹೆಚ್ಚಾಗಿ ನಾವೇ ತೆರಬೇಕು. ಎರಡಕ್ಕೂ ಇರುವ ಈ ವ್ಯತ್ಯಾಸವನ್ನು ಮೊದಲೇ ತಿಳಿಯದೆ ಮನೆ ಒತ್ತೆಯಿಟ್ಟವರಿದ್ದಾರೆ. ‘ಸೀಟು ಖಂಡಿತ ಕೊಡಿಸುತ್ತೇವೆ’ ಎನ್ನುವ ಮಧ್ಯವರ್ತಿಗಳಿಗೆ ಹಣ ಕಟ್ಟುವ ಮುನ್ನ ವಿಶ್ವವಿದ್ಯಾನಿಲಯಕ್ಕೇ ನೇರವಾಗಿ ಬರೆದು ಕೇಳಿ. ಅರ್ಜಿಯ ಶುಲ್ಕವನ್ನು ಭರಿಸಲಾರದವರು ವಿನಾಯಿತಿ ಕೇಳಿದರೆ ಕೆಲವು ಕಡೆ ಕೊಡುವುದೂ ಉಂಟು. ಅಲ್ಲಿಯ ಬಹುಪಾಲು ವಿಶ್ವವಿದ್ಯಾನಿಲಯಗಳು ವೇತನದ ಆಹ್ವಾನಕ್ಕೆ ಏಪ್ರಿಲ್ ೧೫ರವರೆಗೆ ಉತ್ತರಿಸಲು ಕಾಲ ಕೊಡುವುದೆಂದು ಒಪ್ಪಿಕೊಂಡಿವೆ. ಅವಸರಪಟ್ಟು ಮೊದಲು ಬಂದದ್ದಕ್ಕೆ ಸಹಿ ಹಾಕಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದರೂ ‘ವಿಷಾದಿಸುತ್ತೇವೆ’ ಎಂಬ ಕಾಗದ ಬರಬಹುದು. ಆಗ ಮನೆಯಲ್ಲಿ ಸೂತಕದ ಕಳೆ ಬೇಡ. ನ್ಯೂಜಿಲೆಂಡಿನ ಆಯ್ಕೆಯಲ್ಲಿ ರುದರ್‌ಫರ್ಡ್ ಎರಡನೆಯವನು. ರಾಮಾನುಜನ್ನರ ಮೊದಲ ಕಾಗದಗಳಿಂದ ಏನೂ ಆಗಲಿಲ್ಲ. ಕಮಲಾ ಭಾಗವತರಿಗೆ ಆಗದು ಎಂದವರು ದೇಶದ ಅತಿ ದೊಡ್ಡ ವಿಜ್ಞಾನಿ. ತಿರಸ್ಕಾರದ ಕಾಗದ ಆ ವರ್ಷ, ಆ ವಿಭಾಗ, ಆ ಕೆಲವರು ಕೊಟ್ಟ ತೀರ್ಪು. ಅದಕ್ಕಿಂತ ಹೆಚ್ಚಿನ ಅಧಿಕಾರವನ್ನು ನಾವು ಅದಕ್ಕೆ ಕೊಡಬೇಕಾಗಿಲ್ಲ.

ಕಡೆಯದಾಗಿ, ಹಿರಿಯರಿಗೆ ಒಂದು ಸೂಚನೆ. ನಿಮ್ಮ ಮನೆಯ ಹುಡುಗಿಯೊ ಹುಡುಗನೊ ಬರೆದ ಆ ಹೇಳಿಕೆಯನ್ನು ಕಳುಹಿಸುವ ಮುನ್ನ, ಅದರಲ್ಲಿರುವುದನ್ನು ನಿಮಗೆ ಕನ್ನಡದಲ್ಲಿ ಹೇಳಿಸಿ ಕೇಳಿ. ಕಾಲು ಗಂಟೆ ಸಾಕು. ಏನು ಹುಡುಕಬೇಕೆಂದಿದ್ದಾರೆ, ಅದರಿಂದ ಯಾರಿಗೆ ಏನು ತಿಳಿಯುತ್ತದೆ ಎಂಬುದು ವಿಜ್ಞಾನ ಓದದ ನಿಮಗೂ ಅರ್ಥವಾದರೆ ಅರ್ಜಿ ಸಿದ್ಧವಾಗಿದೆಯೆಂದು ತಿಳಿಯಬಹುದು. ಅರ್ಥವಾಗದಿದ್ದರೆ ಇನ್ನೊಂದು ಸಲ ಬರೆಯಲಿ. ಕೊನೆಯ ದಿನಾಂಕಕ್ಕೆ ಇನ್ನೂ ಸಮಯವಿದ್ದೀತು.